ಉಣ್ಣಲೊಲ್ಲದ ಕೂಸೂ ಉಣಿಸುವವರ ವಿವೇಕವೂ

ಹಳಗನ್ನಡದಲ್ಲಿ ‘ಉಣ್’ ಎಂಬ ಧಾತುವಿಗೆ ‘ಊಡು’ ಎಂಬುದು ಪ್ರೇರಣಾರ್ಥಕ ರೂಪ. ಹಾಲೂಡಿಸುವ ತಾಯಿ ಎನ್ನುವಾಗ ಆ ಹಳೆಯ ರೂಪ ಇಂದಿಗೂ ಜನರ ಬಾಯಲ್ಲಿ ಬದುಕಿದೆ. ‘ತಿನ್’ ಎಂಬುದಕ್ಕೆ ‘ತಿನಿಸು’ ಪ್ರೇರಣಾರ್ಥಕ. ಅದೇ ಪದ ನಾಮಪದವಾಗಿ ತಿಂಡಿಗೂ ಹೆಸರಾದದ್ದು ಭಾಷೆಯ ವಿನೋದಗಳಲ್ಲೊಂದು. ವ್ಯಾಕರಣದಲ್ಲಿ ಉಣ್ಣುವ ಕರ್ತೃವೂ ಉಣಿಸುವ ಕರ್ತೃವೂ ಬೇರೆ ಬೇರೆ. ಮನೆಗಳಲ್ಲಿ ಮಾತ್ರ ಈ ಭೇದ ಅಳಿಸಿಹೋಗಿ, ಕೂಸಿನ ಪಾಲಿನ ಕೆಲಸವನ್ನೂ ಹಿರಿಯರೇ ಮಾಡಲು ಹೊರಟಿದ್ದಾರೆ. ‘ಮಗು ಏನೂ ಉಣ್ಣುವುದಿಲ್ಲ’ ಎಂದು ಮನೆಮನೆಯಲ್ಲಿ ಕೇಳಿಬರುವ ಅಳಲಿನ ಬೇರು ಬಹುಮಟ್ಟಿಗೆ ಇಲ್ಲಿದೆ.

ಕಾರ್ಕಳದ ಆನೆಕೆರೆಯ ಆಸುಪಾಸಿನ ಯಾವುದಾದರೊಂದು ಮನೆಯ ಬೆಳಗಿನ ಹೊತ್ತನ್ನು ಕಲ್ಪಿಸಿಕೊಳ್ಳಬಹುದು. ಎರಡು ವರ್ಷದ ಕೂಸು ಜಗಲಿಯಲ್ಲಿ ಕುಳಿತಿದೆ. ತಾಯಿ ಕುಚ್ಚಲಕ್ಕಿಯ ಗಂಜಿಯನ್ನು ಕಿವುಚಿ, ತುಪ್ಪ ಬೆರೆಸಿ, ಬಟ್ಟಲಲ್ಲಿ ತರುತ್ತಾಳೆ. ಕೂಸು ತುಟಿ ಬಿಗಿದು ಮುಖ ತಿರುಗಿಸುತ್ತದೆ. ತುತ್ತಿಗೊಂದು ಕಾಗೆ, ತುತ್ತಿಗೊಂದು ಗುಬ್ಬಿ ತೋರಿಸುತ್ತಿದ್ದ ಕಾಲ ಹೋಗಿ, ತುತ್ತಿಗೊಂದು ಮೊಬೈಲಿನ ಚಿತ್ರ ತೋರಿಸುವ ಕಾಲ ಬಂದಿದೆ. ಅದೂ ಫಲಿಸದಾಗ ಅಜ್ಜಿ ಡಬ್ಬದಿಂದ ಬಿಸ್ಕತ್ತು ತೆಗೆದು ಚಹಾದಲ್ಲಿ ಅದ್ದಿ ಕೊಡುತ್ತಾರೆ, ಕೂಸು ನಗುತ್ತದೆ. ಅಷ್ಟರಲ್ಲಿ ಮುಂಬಯಿಯಿಂದಲೋ ಕೊಲ್ಲಿಯ ನಾಡಿನಿಂದಲೋ ಫೋನಿನಲ್ಲಿ ತಂದೆಯ ಪ್ರಶ್ನೆ: ‘ಮಗು ಉಂಡಿತೇ?’ ಉತ್ತರಿಸಬೇಕಾದವಳು ತಾಯಿ. ಉಣ್ಣದಿದ್ದರೆ ತಪ್ಪೂ ಅವಳದೇ. ಆ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರಿಗೂ ಕೂಸಿನ ಮೇಲೆ ಅಕ್ಕರೆಯಿದೆ. ಆದರೂ ಕೂಸು ಅಂದು ಕಲಿತ ಪಾಠ ಒಂದೇ: ಗಂಜಿಗೆ ಬಾಯಿ ಮುಚ್ಚಿದರೆ ಬಿಸ್ಕತ್ತು ಬರುತ್ತದೆ.

ಕೂಸಿನ ಈ ನಿರಾಕರಣೆ ರೋಗವಲ್ಲ, ಬಹುತೇಕ ವಯೋಧರ್ಮ. ಹುಟ್ಟಿದಾಗ ಮೂರು ಕಿಲೋಗ್ರಾಂ ತೂಗಿದ ಶಿಶು ವರ್ಷ ತುಂಬುವಾಗ ಸುಮಾರು ಒಂಬತ್ತು ಕಿಲೋಗ್ರಾಂ ಆಗಿರುತ್ತದೆ. ಮರುವರ್ಷ ಅದಕ್ಕೆ ಸೇರುವುದು ಎರಡು ಎರಡೂವರೆ ಕಿಲೋಗ್ರಾಂ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುವುದು ಸಹಜ. ಅದೇ ಹೊತ್ತಿಗೆ ಕೂಸು ನಡೆಯಲು ಕಲಿತಿರುತ್ತದೆ. ಕಂಡದ್ದನ್ನೆಲ್ಲ ಬಾಯಿಗಿಡದಂತೆ ಹೊಸ ರುಚಿಯ ಬಗೆಗೆ ಒಂದು ಶಂಕೆಯನ್ನು ಪ್ರಕೃತಿ ಅದರಲ್ಲಿ ಹುಟ್ಟಿಸಿದೆಯೆಂದು ತಜ್ಞರು ಊಹಿಸುತ್ತಾರೆ. ಸುಶ್ರುತನು ಬಾಲ್ಯವನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರಾಗಿ ವಿಂಗಡಿಸಿದ್ದಾನೆ: ವರ್ಷದವರೆಗೆ ಹಾಲು, ಎರಡು ವರ್ಷದವರೆಗೆ ಹಾಲೂ ಅನ್ನವೂ, ಅಲ್ಲಿಂದಾಚೆಗೆ ಅನ್ನ. ಹಟ ಬರುವುದು ಸಾಮಾನ್ಯವಾಗಿ ಈ ಸಂಧಿಕಾಲದಲ್ಲಿಯೇ. ಹಾಲು ಬಿಟ್ಟು ಅನ್ನಕ್ಕೆ ದಾಟುವ ಕೂಸು ಹೊಸ್ತಿಲಲ್ಲಿ ಒಂದಿಷ್ಟು ನಿಂತರೆ ಅದನ್ನು ಅಪರಾಧವೆನ್ನಲಾಗದು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ, ಕೂಸು ಮಂಕಾಗಿದ್ದರೆ ವೈದ್ಯರಲ್ಲಿಗೆ ಒಯ್ಯಲೇಬೇಕು. ಅದು ಬೇರೆಯೇ ಮಾತು.

ಕ್ಲಾರಾ ಡೇವಿಸ್ ಎಂಬ ಅಮೆರಿಕೆಯ ವೈದ್ಯೆ ಈ ವಿಷಯದಲ್ಲಿ ಒಂದು ಪ್ರಯೋಗ ಮಾಡಿದಳು. ೧೯೨೮ರಲ್ಲಿ ಅದರ ಮೊದಲ ವರದಿಯೂ ೧೯೩೯ರಲ್ಲಿ ಸಮಗ್ರ ವಿವರಣೆಯೂ ಪ್ರಕಟವಾದವು. ಎದೆಹಾಲು ಬಿಟ್ಟ ಹದಿನೈದು ಮಕ್ಕಳ ಮುಂದೆ ಬಗೆಬಗೆಯ ಆಹಾರವನ್ನು ಪ್ರತ್ಯೇಕ ಬಟ್ಟಲುಗಳಲ್ಲಿ ಇಡಲಾಗುತ್ತಿತ್ತು. ಪಟ್ಟಿಯಲ್ಲಿ ಒಟ್ಟು ಮೂವತ್ತನಾಲ್ಕು ಪದಾರ್ಥಗಳು. ದಾದಿಯರು ಒಂದು ಮಾತೂ ಆಡಬಾರದು. ಕೂಸು ಕೈ ಚಾಚಿದ್ದನ್ನು ಮಾತ್ರ ಕೊಡಬೇಕು. ಒಂದು ದಿನ ಹಣ್ಣನ್ನೇ ತಿಂದ ಕೂಸು ಮರುದಿನ ಧಾನ್ಯವನ್ನೇ ತಿಂದಿತು; ಒಂದೊಂದು ಕೂಸಿನ ಕ್ರಮ ಒಂದೊಂದು ಬಗೆ. ಆದರೂ ಮಕ್ಕಳೆಲ್ಲ ಪುಷ್ಟರಾಗಿ ಬೆಳೆದರು. ಇದನ್ನು ಕೇಳಿದವರು ‘ಮಗುವಿಗೆ ಬೇಕಾದ್ದನ್ನು ಕೊಟ್ಟುಬಿಡಿ, ಅದಕ್ಕೇ ತಿಳಿದಿದೆ’ ಎಂದು ಅವಸರದ ತೀರ್ಮಾನಕ್ಕೆ ಬರುವುದುಂಟು. ಡೇವಿಸ್ ಹೇಳಿದ್ದು ಅದಲ್ಲ. ಪ್ರಯೋಗದ ಗುಟ್ಟೆಲ್ಲ ಪಟ್ಟಿಯಲ್ಲಿದೆ ಎಂದು ಅವಳೇ ಸ್ಪಷ್ಟಪಡಿಸಿದಳು. ಆ ಮೂವತ್ತನಾಲ್ಕರಲ್ಲಿ ಸಕ್ಕರೆಯಿರಲಿಲ್ಲ, ಮಿಠಾಯಿಯಿರಲಿಲ್ಲ, ಕಾರ್ಖಾನೆಯಲ್ಲಿ ಸಾರ ಕಳೆದುಕೊಂಡ ಹಿಟ್ಟಿರಲಿಲ್ಲ. ಯಾವುದನ್ನು ಆರಿಸಿದರೂ ಒಳಿತೇ ಆಗುವಂತೆ ಹಿರಿಯರು ಮೊದಲೇ ಆರಿಸಿದ್ದರು. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ. ಉಣ್ಣಬೇಕೋ ಬೇಡವೋ, ಎಷ್ಟು ಉಣ್ಣಬೇಕು ಎಂಬುದು ಕೂಸಿನ ಹಕ್ಕು. ಎಲಿನ್ ಸ್ಯಾಟರ್ ಎಂಬ ಪೋಷಣತಜ್ಞೆ ೧೯೮೦ರ ದಶಕದಲ್ಲಿ ಈ ಸೀಮಾರೇಖೆಯನ್ನು ಖಚಿತವಾಗಿ ಎಳೆದಳು.

ಹಾಗಾದರೆ ಕಾರ್ಕಳದ ಅಡುಗೆಮನೆಯ ಪಟ್ಟಿಯಲ್ಲಿ ಏನಿರಬೇಕು? ಪೇಟೆಯಿಂದ ತರಬೇಕಾದದ್ದು ತೀರ ಕಡಮೆ. ಕುಚ್ಚಲಕ್ಕಿಯನ್ನು ಭತ್ತದಲ್ಲಿಯೇ ಬೇಯಿಸಿ ಒಣಗಿಸುವುದರಿಂದ ಹೊರಪದರದ ಸತ್ತ್ವದ ಒಂದಂಶ ಕಾಳಿನ ಒಳಕ್ಕೆ ಇಳಿಯುತ್ತದೆ. ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಮಾರುಕಟ್ಟೆ ಕಂಡ ಇಲ್ಲಿನ ಕೆಂಪಕ್ಕಿಯಂತೂ ಊರಿನ ಹೆಮ್ಮೆಯೇ ಸರಿ. ಆದರೆ ತೆಳುಗಂಜಿಯಲ್ಲಿ ಒಂದು ದೋಷವಿದೆ. ಕೂಸಿನ ಹೊಟ್ಟೆ ಚಿಕ್ಕದು. ಅದು ನೀರಿನಿಂದಲೇ ತುಂಬಿಬಿಡುತ್ತದೆ. ಆದುದರಿಂದ ಗಂಜಿ ಗಟ್ಟಿಯಾಗಿರಬೇಕು, ಬೆಂದ ಹೆಸರುಬೇಳೆ ಅದರೊಡನೆ ಕೂಡಬೇಕು, ತೆಂಗಿನ ಹಾಲೋ ತುಪ್ಪವೋ ಒಂದು ಚಮಚೆ ಬೀಳಬೇಕು. ಕರಾವಳಿಯ ತಾಯಂದಿರು ತಲೆಮಾರುಗಳಿಂದ ಮಾಡಿಕೊಂಡು ಬಂದ ರಾಗಿ ಮಣ್ಣಿಗೆ ಸರಿಸಾಟಿಯಾದ ಡಬ್ಬದ ಹಿಟ್ಟು ಇನ್ನೂ ಹುಟ್ಟಬೇಕಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ; ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಸುಮಾರು ೧೨೦. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಇನ್ನೊಂದು ಲಾಭವುಂಟು. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಂಟಂಟಾಗುವುದಿಲ್ಲ. ಚಿಕ್ಕ ಹೊಟ್ಟೆಗೆ ಹೆಚ್ಚು ಸತ್ತ್ವ ಸೇರುತ್ತದೆ.

ಹರಿವೆ, ಬಸಳೆ, ನುಗ್ಗೆಸೊಪ್ಪು ಹಿತ್ತಿಲಲ್ಲಿಯೇ ಇವೆ. ಪಲ್ಯವಾಗಿ ಒಲ್ಲದ ಕೂಸು ಸಣ್ಣಗೆ ಹೆಚ್ಚಿ ದೋಸೆಯ ಹಿಟ್ಟಿಗೆ ಸೇರಿಸಿದರೆ ಒಪ್ಪೀತು. ಮೇಲೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸುಲಭ. ಚಹಾ ಜೊತೆಗೂಡಿದರೆ ಅಷ್ಟೇ ಕಷ್ಟ. ಒಂದೆಲಗದ ತಂಬುಳಿ, ಹಬೆಯಲ್ಲಿ ಬೆಂದ ನೇಂದ್ರಬಾಳೆ, ಪಪ್ಪಾಯಿ, ಮಳೆಗಾಲಕ್ಕೆ ಮುಂಚಿನ ಹಲಸಿನ ಹಣ್ಣಿನ ಗಟ್ಟಿ, ಕಾರ್ಕಳದ ಬಿಳಿ ಬೆಂಡೆಯನ್ನು ಮೆತ್ತಗೆ ಬೇಯಿಸಿ ಕೂಸಿನ ಬೆರಳಿಗೇ ಕೊಡುವ ತುಂಡು: ಇವೆಲ್ಲ ಪಟ್ಟಿಗೆ ಸೇರಲಿ. ಪತ್ರೊಡೆ ಹಿರಿಯರ ಭಾಗ್ಯ; ಎಳೆಯ ಗಂಟಲಿಗೆ ತುರಿಸೀತು. ಇಡಿಯ ನೆಲಗಡಲೆ, ಹಲಸಿನ ಬೀಜ ಉಸಿರುಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಅವು ಪುಡಿಯಾಗಿಯೋ ನುಣ್ಣಗೆ ಮಸೆದೋ ಹೋಗಬೇಕು.

ಹೊಸ ಪದಾರ್ಥವನ್ನು ಒಮ್ಮೆ ಉಗುಳಿತೆಂದು ಕೈಬಿಡುವುದು ದೊಡ್ಡ ತಪ್ಪು. ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಬಾರಿ ಕಂಡು, ಮುಟ್ಟಿ, ಮೂಸಿದ ಮೇಲೆ ಕೂಸು ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಪರಿಚಿತವಾದ ಅನ್ನದ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಹೊಸದನ್ನು ಇಟ್ಟು, ಹೊಗಳದೆ, ಗದರದೆ, ಹಿರಿಯರೂ ಅದನ್ನೇ ಉಣ್ಣುತ್ತ ಕುಳಿತರೆ ಸಾಕು. ಈ ಊರಿನ ಜೈನರಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವ್ರತವನ್ನು ಪಾಲಿಸುವ ಮನೆಗಳಿವೆ. ಧಾರ್ಮಿಕ ಕಾರಣ ಏನೇ ಇರಲಿ, ಕೂಸಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ರಾತ್ರಿ ಒಂಬತ್ತಕ್ಕೆ ನಿದ್ದೆಗಣ್ಣಿನ ಕೂಸಿನೊಡನೆ ಹೋರಾಡಿ ‘ಉಣ್ಣುವುದಿಲ್ಲ’ ಎಂದು ದೂರುವ ಮನೆಗಳು ಗಡಿಯಾರವನ್ನು ಮೊದಲು ತಿದ್ದಿಕೊಳ್ಳಬೇಕು.

ಹಾಲಿನ ವಿಷಯದಲ್ಲಿ ಕಟುಸತ್ಯವೊಂದನ್ನು ಹೇಳದೆ ವಿಧಿಯಿಲ್ಲ. ಊಟ ಸೇರದ ಕೂಸಿಗೆ ‘ಹಾಲಾದರೂ ಹೋಗಲಿ’ ಎಂದು ದಿನಕ್ಕೆ ಲೀಟರಿನಷ್ಟು ಕುಡಿಸುವ ಮನೆಗಳಿವೆ. ವರ್ಷ ದಾಟಿದ ಕೂಸಿಗೆ ಅರ್ಧ ಲೀಟರು ಮೀರಿದ ಹಾಲು ಹಸಿವನ್ನು ಕೊಲ್ಲುತ್ತದೆ. ಹಾಲಿನಲ್ಲಿ ಕಬ್ಬಿಣ ಅತ್ಯಲ್ಪವಾದುದರಿಂದ ರಕ್ತವೂ ಸೊರಗುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫ಕ್ಕೂ ಹೆಚ್ಚು ಮಂದಿ ರಕ್ತಹೀನರು. ಈ ಲೆಕ್ಕದಲ್ಲಿ ಬಡವರ ಮಕ್ಕಳು ಮಾತ್ರವಲ್ಲ, ಹಾಲು ಬಿಸ್ಕತ್ತಿನಲ್ಲಿ ಬೆಳೆದ ಸ್ಥಿತಿವಂತರ ಮಕ್ಕಳೂ ಇದ್ದಾರೆ. ಹಾಲಿಗೆ ಬೆರೆಸುವ ಸಿಹಿಪುಡಿಗಳ ಡಬ್ಬದ ಮೇಲೆ ಬಲಭೀಮರ ಚಿತ್ರವಿದ್ದರೂ ಒಳಗಿರುವುದು ಬಹುಪಾಲು ಸಕ್ಕರೆ ಮತ್ತು ಪಿಷ್ಟ. ಅಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವರ್ಗದಿಂದ ತೆಗೆದುಹಾಕುವಂತೆ ೨೦೨೪ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಅಂತರಜಾಲದ ಮಾರಾಟಗಾರರಿಗೆ ತಿಳಿಸಬೇಕಾಯಿತು.

ಶರಣಪರಂಪರೆಯಲ್ಲಿ ದಾಸೋಹ ಎಂಬ ಪದದ ತಿರುಳು ನೀಡುವವನ ವಿನಯ. ನೀಡುವವನು ದಾಸ, ಉಣ್ಣುವವನು ಜಂಗಮಸ್ವರೂಪಿ. ಬಲವಂತದ ತುತ್ತಿಗೆ ಅಲ್ಲಿ ಎಡೆಯಿಲ್ಲ. ಮೂಗು ಹಿಡಿದು, ಕೈಕಾಲು ಅದುಮಿ, ಅಳುವ ಬಾಯಿಗೆ ಚಮಚೆ ತುರುಕುವುದು ಯಾವ ಹೆಸರಿನಿಂದ ಕರೆದರೂ ಹಿಂಸೆಯೇ. ಮನೆಗೆ ಬಂದ ಜಂಗಮನಿಗೆ ತೋರುವ ಗೌರವದ ಕಾಲಂಶವನ್ನು ಮನೆಯೊಳಗೇ ಇರುವ ಎರಡು ವರ್ಷದ ಅತಿಥಿಗೆ ತೋರಿದರೆ ಅನರ್ಥವೇನೂ ಆಗದು. ಆ ಗೌರವದಲ್ಲಿ ತಾಯಿಗೂ ಒಂದು ಪಾಲಿರಲಿ. ಕೂಸಿನ ತೂಕವನ್ನು ಅವಳ ಯೋಗ್ಯತೆಯ ಅಳತೆಗೋಲಾಗಿ ಮಾಡಿದ ನೆಂಟರಿಷ್ಟರ ನಾಲಿಗೆಗೆ ಮೊದಲು ಪಥ್ಯ ಬೇಕು.

ಇನ್ನೊಂದು ಮಾತು ಕೆಲವರಿಗೆ ರುಚಿಸಲಾರದು. ಶಾಲೆಯ ಊಟದಲ್ಲಿ ಮೊಟ್ಟೆ ಕೊಡುವ ಕ್ರಮಕ್ಕೆ ೨೦೨೧ರ ಡಿಸೆಂಬರಿನಲ್ಲಿ ಮಠಾಧೀಶರಿಂದ ವಿರೋಧ ಬಂದುದು ಎಲ್ಲರಿಗೂ ತಿಳಿದಿದೆ. ಸಸ್ಯಾಹಾರದ ನಿಷ್ಠೆ ಗೌರವಾರ್ಹವೇ. ಆದರೆ ಬೇಡವೆಂದವರ ಮೇಲೆ ಬೇಕಾದುದನ್ನು ಒದಗಿಸುವ ಭಾರ ಇಮ್ಮಡಿಯಾಗಿ ಬೀಳುತ್ತದೆ. ಮೀನುಣ್ಣುವ ಮನೆಯ ಕೂಸಿಗೆ ಮುಳ್ಳು ಬಿಡಿಸಿದ ಒಂದು ತುಂಡು ಕೊಡುವ ಸತ್ತ್ವವನ್ನು ಉಳಿದ ಮನೆಗಳಲ್ಲಿ ಬೇಳೆ, ಮೊಸರು, ನೆಲಗಡಲೆಯ ಪುಡಿ, ಮೊಳಕೆಕಾಳು ಸೇರಿ ಒದಗಿಸಬೇಕು, ದಿನವೂ ಒದಗಿಸಬೇಕು. ಹೆಸರಿಗೆ ಮಾತ್ರ ಸಸ್ಯಾಹಾರವಾಗಿ, ವಸ್ತುತಃ ಬಿಸ್ಕತ್ತು ಮತ್ತು ಬಿಳಿ ಅನ್ನವಾಗಿರುವ ಬಟ್ಟಲು ಯಾವ ನಿಷ್ಠೆಗೂ ಶೋಭೆ ತಾರದು.

೧೯೭೫ರ ಅಕ್ಟೋಬರ್ ೨ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಇಂದು ನಾಡಿನ ಊರೂರಿನಲ್ಲಿವೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಅಲ್ಲಿನ ಮಕ್ಕಳಿಗೆ ಚಾಕೊಲೇಟು ಬಿಸ್ಕತ್ತಿನ ಪೊಟ್ಟಣ ಹಂಚಿ ಭಾವಚಿತ್ರ ತೆಗೆಸಿಕೊಳ್ಳುವ ವಾಡಿಕೆ ಬೆಳೆದಿದೆ. ಅದೇ ಹಣದಲ್ಲಿ ಒಂದು ಗೊನೆ ಬಾಳೆಹಣ್ಣು, ಎರಡು ಸೇರು ಹೆಸರುಕಾಳು, ಅಂಗಳದಲ್ಲಿ ನೆಡಲು ಒಂದು ನುಗ್ಗೆಯ ಗೂಟ ಬರುತ್ತದೆ. ನುಗ್ಗೆಗೆ ಆರೈಕೆ ಬೇಕಿಲ್ಲ. ಮಳೆಗಾಲದ ಆರಂಭದಲ್ಲಿ ಊರಿದ ಗೂಟ ವರ್ಷದೊಳಗೆ ಸೊಪ್ಪು ಕೊಡತೊಡಗುತ್ತದೆ.