ಹೊಸ ಡಬ್ಬಿಗೆ ಪೆನ್‌ಡ್ರೈವ್ ಹಾಕೋ ಜಾಗ ಇದೆಯಾ?

ಹತ್ತು ದಿನದಿಂದ ನನ್ನ ಫೋನಿನಲ್ಲಿ ಒಂದೇ ಪುಟ ತೆರೆದಿದೆ: ಟಿವಿಗೆ ಜೋಡಿಸುವ ಮೀಡಿಯಾ ಪ್ಲೇಯರ್‌ಗಳ ಪಟ್ಟಿ. ಭಾರತ ಹುಣ್ಣಿಮೆಗೆ ಉಗರಗೋಳಕ್ಕೆ ಹೋಗುವಾಗ ಹೊಸ ಡಬ್ಬಿಯೊಂದನ್ನು ಒಯ್ಯಬೇಕು. ಹೊಸ ಮಾಡೆಲ್ ಯಾವಾಗ ಬಂದೀತು, ಅದರಲ್ಲಿ ಏನೇನು ಇದ್ದೀತು ಅಂತ ಕಾಯ್ತಾ ಕೂತಿದ್ದೀನಿ.

ಆಫೀಸಿನ ಗೆಳೆಯರು ಕೇಳೋದು, "4ಕೆ ಇದೆಯಾ? ಡಾಲ್ಬಿ ಇದೆಯಾ? ವೈಫೈ 6 ಇದೆಯಾ?" ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ: "ಅದರಾಗ ಆಯಿ ಹಾಡು ಬರ್ತೈತೇನವಾ?"

ಅಕ್ಕನ ಮದುವೆ ಆಗಿದ್ದು 2006ರಲ್ಲಿ. ಅರಿಶಿಣದ ದಿನ ಆಯಿ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದು ಮದುವೆ ಡಿವಿಡಿಯಲ್ಲಿ ನಾಲ್ಕು ನಿಮಿಷ ಇದೆ. ಆಯಿ ತೀರಿಹೋಗಿ ಎಂಟು ವರ್ಷ. ಅವಳ ದನಿ ಅಂತ ನಮ್ಮ ಹತ್ತಿರ ಉಳಿದಿರೋದು ಅಷ್ಟೇ. ಡಿವಿಡಿ ಪ್ಲೇಯರ್ ಕೆಟ್ಟ ಮೇಲೆ, ಕಳೆದ ದೀಪಾವಳಿಗೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿ ಮನೆ ಟಿವಿಗೆ ಹಾಕಿದೆ. ಚಿತ್ರ ಬಂತು, ಧ್ವನಿ ಬರಲಿಲ್ಲ. ಆಯಿಯ ತುಟಿ ಅಲ್ಲಾಡ್ತಾ ಇತ್ತು, ಹಾಡು ಮಾತ್ರ ಇಲ್ಲ. ಅವ್ವ ಏನೂ ಅನ್ನದೆ ಎದ್ದು ಒಳಗೆ ಹೋದಳು.

ಆಮೇಲೆ ಹುಡುಕಿದಾಗ ಕಾರಣ ತಿಳೀತು. ನಮ್ಮ ಡಿವಿಡಿಯಲ್ಲಿ ಚಿತ್ರ ಇರೋದು ಎಂಪೆಗ್-2 ರೂಪದಲ್ಲಿ, ಧ್ವನಿ ಡಾಲ್ಬಿಯ ಎಸಿ-3 ರೂಪದಲ್ಲಿ. ಆ ಧ್ವನಿಯನ್ನು ಬಿಡಿಸುವ ವ್ಯವಸ್ಥೆ ಎಲ್ಲ ಟಿವಿಯಲ್ಲೂ ಇರಲ್ಲ. ನೋಡಿ, 4ಕೆ ಅಂದರೆ 3840×2160 ಪಿಕ್ಸೆಲ್. ನಮ್ಮ ಡಿವಿಡಿ 720×576, ಅಂದರೆ ಸರಿಯಾಗಿ ಇಪ್ಪತ್ತನೇ ಒಂದು ಭಾಗ. ಇದನ್ನು ಓಡಿಸೋಕೆ ದೊಡ್ಡ ಚಿಪ್ ಬೇಕಿಲ್ಲ. ವಿಎಲ್‌ಸಿಯಂಥ ಆ್ಯಪ್ ಹಾಕಿಕೊಳ್ಳಲು ಬಂದರೆ ಸಾಕು, ಚಿತ್ರ, ಧ್ವನಿ ಎರಡನ್ನೂ ಅದೇ ಬಿಡಿಸತ್ತೆ.

"ಯೂಟ್ಯೂಬಿಗೆ ಹಾಕಿಬಿಡು" ಅಂದ ಒಬ್ಬ ಗೆಳೆಯ. ಅವನು ಜಾತ್ರೆ ನೋಡಿಲ್ಲ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರ್ತಾರೆ. ಊರೆಲ್ಲ ಉಧೋ ಉಧೋ, ಫೋನಿನಲ್ಲಿ ಮಾತ್ರ ಚಕ್ರ ತಿರುಗ್ತಾನೇ ಇರತ್ತೆ. ಮನೆ ತುಂಬ ನೆಂಟರು ಸೇರೋದೂ ಅದೇ ದಿನ. ಹಾಗಾಗಿ ಇಂಟರ್ನೆಟ್ ಇಲ್ಲದೆ ನಡೆಯೋ ದಾರಿ ಬೇಕು.

ಈಗ ಹೊಸ ಡಬ್ಬಿ ಅಂದ ಕೂಡಲೇ ನಾನು ನೋಡೋದು ಇಷ್ಟು.

ಮೊದಲು ಯುಎಸ್‌ಬಿ ಕಿಂಡಿ. ಕಡ್ಡಿಯಂಥ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಇರೋ ಒಂದೇ ಕಿಂಡಿ ವಿದ್ಯುತ್ತಿಗೇ ಹೋಗತ್ತೆ. 2017ರ ಆಪಲ್ ಟಿವಿ 4ಕೆಯಲ್ಲಿ ಯುಎಸ್‌ಬಿಯೇ ಇಲ್ಲ. 2024ರ ಗೂಗಲ್ ಟಿವಿ ಸ್ಟ್ರೀಮರ್‌ನಲ್ಲಿ 32 ಜಿಬಿ ಜಾಗ, ಈಥರ್ನೆಟ್ ಎಲ್ಲ ಇವೆ. ಆದರೆ ಯುಎಸ್‌ಬಿ-ಸಿ ಒಂದೇ, ವಿದ್ಯುತ್ತಿಗೂ ಅದೇ.

ಎರಡನೆಯದು ಜಾಗ. ಒಂದು ಡಿವಿಡಿಯೇ 4.7 ಜಿಬಿ. 8 ಜಿಬಿ ಅಂತ ಬರೆದ ಡಬ್ಬಿಯಲ್ಲಿ ಅದರ ಸ್ವಂತ ಸಾಫ್ಟ್‌ವೇರೇ ಒಂದಷ್ಟು ತಿಂದಿರತ್ತೆ.

ಮೂರನೆಯದು ಅಡಾಪ್ಟರ್. ಟಿವಿಯ ಹಳೇ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪಿಯರ್ ಅಷ್ಟೇ. ಅದು ಸಾಲದೆ ಡಬ್ಬಿ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳಬಹುದು. ಗೋಡೆಯ ಪ್ಲಗ್ಗೇ ಒಳ್ಳೇದು.

ಕೊನೆಗೆ ರಿಮೋಟ್. ಗೂಗಲ್ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರಲ್ಲಿ. ಅವ್ವನ "ಆ ಪದ ಹಚ್ಚು" ಅದಕ್ಕೆ ತಿಳಿಯತ್ತೋ ಇಲ್ಲವೋ, ಕೂತು ಪರೀಕ್ಷೆ ಮಾಡಬೇಕು.

ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೆ ನಿನ್ನೆ ರಾತ್ರಿ ನಾಚಿಕೆ ಆಯ್ತು. ದೀಪಾವಳಿಯಿಂದ ಇಲ್ಲಿವರೆಗೆ ನಾನು ಹೊಸ ಮಾಡೆಲ್‌ಗೆ ಕಾಯ್ತಾ ಇದ್ದೀನಿ, ಅವ್ವ ಹಾಡಿಗೆ ಕಾಯ್ತಾ ಇದ್ದಾಳೆ. ಲ್ಯಾಪ್‌ಟಾಪ್ ತೆಗೆದು ಆ ನಾಲ್ಕು ನಿಮಿಷವನ್ನು ಎಂಪಿ4 ಮಾಡಿದೆ, ಧ್ವನಿಯನ್ನು ಎಎಸಿಗೆ ಬದಲಿಸಿದೆ. ಬಹುತೇಕ ಟಿವಿಗಳು ಇದನ್ನು ಓದ್ತವೆ. ಅರ್ಧ ಗಂಟೆಯ ಕೆಲಸ. ಮೂಲ ಫೈಲುಗಳನ್ನು ಇನ್ನೆರಡು ಕಡೆ ಇಟ್ಟೆ. ನಿಮ್ಮ ಮನೆಯಲ್ಲೂ ಅಂಥ ಡಿಸ್ಕ್ ಇದ್ದರೆ ಈ ಭಾನುವಾರವೇ ಇಳಿಸಿ. ಡಿಸ್ಕಿನ ಮೇಲಿನ ಗೀರು ನಮಗಾಗಿ ಕಾಯಲ್ಲ.

ಬೆಳಗ್ಗೆ ಅಪ್ಪನ ಫೋನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವ್ವನ ಕರೆ: "ಕೇಳಿದೆವಾ. ಸಣ್ಣದಾಗೈತಿ. ಹುಣ್ಣಿಮಿಗೆ ಬಂದಾಗ ದೊಡ್ಡದಾಗಿ ಹಚ್ಚು, ಎಲ್ಲಾರೂ ಕೇಳಲಿ."

ಡಬ್ಬಿ ಬರಲಿ ಬಿಡಲಿ, ಪೆನ್‌ಡ್ರೈವ್ ಬ್ಯಾಗಿಗೆ ಸೇರಿದೆ.