ಪಾರ್ಕಿಂಗ್ ಜಾಗದ ಮೇಲೊಂದು ಮೆರವಣಿಗೆ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಮತ್ತೆ ತೆರೆದದ್ದು 2021ರ ಏಪ್ರಿಲ್ ಕೊನೆಯ ದಿನ. ಆದರೆ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡದಿಂದ ಪಾರ್ಕಿನತ್ತ ಜನರನ್ನು ಸಾಗಿಸುತ್ತಿದ್ದ ಟ್ರಾಮ್ ಮತ್ತೆ ಓಡತೊಡಗಿದ್ದು 2022ರ ಫೆಬ್ರುವರಿಯಲ್ಲಿ. ನಡುವಿನ ಹತ್ತು ತಿಂಗಳು ಈ ಟ್ರಾಮಿನ ಸುತ್ತ ಡಿಸ್ನಿ ಅಭಿಮಾನಿಗಳು ಆಡಿದ ಜಗಳವನ್ನು ಹೊರಗಿನವರು ಕೇಳಿದರೆ ನಗದೆ ಇರಲಾರರು. ಕಂಪನಿ ಡ್ರೈವರುಗಳ ಸಂಬಳ ಉಳಿಸುತ್ತಿದೆ ಎಂದು ಒಂದು ಗುಂಪು. ಕಾಲು ಗಂಟೆ ನಡೆದರೆ ಸಾಯುವುದಿಲ್ಲ ಎಂದು ಇನ್ನೊಂದು. ಮಕ್ಕಳ ತಳ್ಳುಗಾಡಿ ನೂಕಿಕೊಂಡು, ರಾತ್ರಿ ಹನ್ನೆರಡರ ಹೊತ್ತಿಗೆ, ಇಡೀ ದಿನ ಸರದಿಯಲ್ಲಿ ನಿಂತ ಕಾಲುಗಳಲ್ಲಿ ನಡೆದು ನೋಡಿ ಆಮೇಲೆ ಹೇಳಿ ಎಂದು ಮತ್ತೊಂದು.

ಇಂಥ ಜಗಳ ಅಲ್ಲಿ ವರ್ಷವಿಡೀ ನಡೆಯುತ್ತದೆ. ಹ್ಯಾಲೋವೀನ್ ಅಲಂಕಾರವನ್ನು ಆಗಸ್ಟ್ ತಿಂಗಳ ಬಿಸಿಲಿನಲ್ಲೇ ತೂಗುಹಾಕುವುದು ಸರಿಯೇ? ಕ್ರಿಸ್‌ಮಸ್ ಪರೇಡು ದಿನಕ್ಕೆ ಎರಡು ಸಲ ಸಾಗಬೇಕೇ, ಒಂದು ಸಾಕೇ? ವಾರ್ಷಿಕ ಪಾಸ್ ಇದ್ದವರನ್ನು ರಜಾದಿನಗಳಲ್ಲಿ ಹೊರಗಿಡಬಹುದೇ? ಇದಕ್ಕೆಲ್ಲ ಒಂದು ಸಿದ್ಧ ಉತ್ತರವಿದೆ: ಅದು ಖಾಸಗಿ ವ್ಯಾಪಾರ, ಹಿಡಿಸದಿದ್ದರೆ ಹೋಗಬೇಡಿ. ಕೇಳಿದ ತಕ್ಷಣ ನ್ಯಾಯವೆನಿಸುವ ಮಾತು. ಟಿಕೆಟ್ ಕೊಂಡವನಿಗೆ ಆ ದಿನದ ಪ್ರವೇಶದ ಹಕ್ಕು ಸಿಗುತ್ತದೆ. ಜಾಗ ಹೇಗೆ ನಡೆಯಬೇಕು ಎಂದು ಹೇಳುವ ಹಕ್ಕು ಅವನಿಗೆ ಎಲ್ಲಿಂದ ಬರುತ್ತದೆ?

ಬರುತ್ತದೆ ಎಂಬುದು ನನ್ನ ವಾದ. ಆದರೆ ಅಭಿಮಾನಿಗಳು ಕೊಡುವ ಕಾರಣ ಬೇರೆ, ನನಗೆ ಕಾಣುವ ಕಾರಣ ಬೇರೆ. ಚಿಕ್ಕಂದಿನಿಂದ ಬಂದಿದ್ದೇವೆ, ಇದು ನಮ್ಮದು ಎನ್ನುತ್ತಾರೆ ಅವರು. ಪರೇಡಿನ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ. ಪಾರ್ಕಿಂಗ್ ಮಟ್ಟಿಗೆ ಅವರ ಕೈಯಲ್ಲಿ ಇದಕ್ಕಿಂತ ಎಷ್ಟೋ ಗಟ್ಟಿಯಾದ ವಾದವಿದೆ, ಅದನ್ನು ಎತ್ತುವವರು ಮಾತ್ರ ಕಡಿಮೆ. ಕಣ್ಣೀರೆಲ್ಲ ಪರೇಡಿಗೇ ಖರ್ಚಾಗಿಬಿಡುತ್ತದೆ.

ಡಿಸ್ನಿಲ್ಯಾಂಡ್ ಹುಟ್ಟಿದ್ದೇ ಕಾರಿನ ಲೆಕ್ಕಾಚಾರದಲ್ಲಿ. 1953ರಲ್ಲಿ ವಾಲ್ಟ್ ಡಿಸ್ನಿ ಜಾಗ ಹುಡುಕುವ ಕೆಲಸವನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಒಪ್ಪಿಸಿದಾಗ ಅಲ್ಲಿನ ಹ್ಯಾರಿಸನ್ ಪ್ರೈಸ್ ಬೆರಳು ತೋರಿಸಿದ್ದು ಅನಾಹೈಮ್‌ನ ಕಿತ್ತಳೆ ತೋಟಗಳ ಕಡೆಗೆ. ಲಾಸ್ ಏಂಜಲೀಸ್‌ನಿಂದ ಹೊಸ ಹೆದ್ದಾರಿ ಅತ್ತಲೇ ಬರುತ್ತಿತ್ತು. ಕೊಂಡದ್ದು ಸುಮಾರು 160 ಎಕರೆ. 1955ರ ಜುಲೈ 17ರಂದು ಪಾರ್ಕು ತೆರೆದಾಗ ಅದರಲ್ಲಿ ಅರ್ಧಕ್ಕೂ ಹೆಚ್ಚು ನೆಲ, ಅಂದಾಜು ನೂರು ಎಕರೆ, ಕಾರುಗಳ ಪಾಲಾಗಿತ್ತು. ಕಾರಿಗೆ 25 ಸೆಂಟ್, ಬಾಗಿಲಲ್ಲಿ ಒಂದು ಡಾಲರ್, ಆಟಗಳಿಗೆ ಬೇರೆ ಚೀಟಿ. ಈಗ ಕಾರು ನಿಲ್ಲಿಸುವುದಕ್ಕೇ 30 ಡಾಲರಿಗೂ ಮೇಲೆ, ದುಬಾರಿ ದಿನಗಳಲ್ಲಿ ಒಬ್ಬರ ಟಿಕೆಟ್ 200 ಡಾಲರ್ ದಾಟುತ್ತದೆ.

ಆ 160 ಎಕರೆಯ ಸುತ್ತ ಕೆಲವೇ ವರ್ಷಗಳಲ್ಲಿ ಮೋಟೆಲುಗಳು, ತಿಂಡಿ ಅಂಗಡಿಗಳು, ನಿಯಾನ್ ಫಲಕಗಳು ಒತ್ತಾಗಿ ಎದ್ದವು. ವಾಲ್ಟ್ ಡಿಸ್ನಿಗೆ ಇದು ಕಣ್ಣಲ್ಲಿ ಬಿದ್ದ ಮರಳಾಯಿತು. ಫ್ಲೋರಿಡಾದಲ್ಲಿ ಎರಡನೆಯ ಪಾರ್ಕಿಗೆ ಕೈಹಾಕಿದಾಗ ಕಂಪನಿ ತನ್ನ ಹೆಸರು ಬಚ್ಚಿಟ್ಟು, ಬೇನಾಮಿ ಕಂಪನಿಗಳ ಮೂಲಕ 27,000 ಎಕರೆಗೂ ಹೆಚ್ಚು ಭೂಮಿ ಕೊಂಡಿತು. ಅಲ್ಲಿ ನೆಲಕ್ಕೆ ಬರವಿಲ್ಲ, ಬರುವವರಲ್ಲಿ ಹೆಚ್ಚಿನವರು ದೂರದ ಪ್ರವಾಸಿಗರು. ಅನಾಹೈಮ್‌ನಲ್ಲಿ ಇಕ್ಕಟ್ಟು. ಬರುವವರಲ್ಲಿ ದೊಡ್ಡ ಪಾಲು ದಕ್ಷಿಣ ಕ್ಯಾಲಿಫೋರ್ನಿಯಾದವರು, ಕೆಲಸ ಮುಗಿಸಿ ಸಂಜೆ ಒಂದು ಪರೇಡು ನೋಡಿಕೊಂಡು ಮನೆಗೆ ಹೋಗುವವರು. ಅಭಿಮಾನಿಗಳ ಜಗಳ ಫ್ಲೋರಿಡಾಕ್ಕಿಂತ ಇಲ್ಲಿ ಹೆಚ್ಚು ಖಾರವಾಗಿರುವುದು ಅದಕ್ಕೇ. ಇದು ಅವರಿಗೆ ಪ್ರವಾಸದ ಜಾಗಕ್ಕಿಂತ ಬಡಾವಣೆಯ ಪಾರ್ಕಿನ ಹಾಗೆ.

ಪರೇಡಿನ ಕಥೆಗೆ ಬರೋಣ. 1972ರ ಜೂನ್‌ನಲ್ಲಿ ಡಿಸ್ನಿಲ್ಯಾಂಡಿನ ಮುಖ್ಯಬೀದಿಯಲ್ಲಿ ಎಲೆಕ್ಟ್ರಿಕಲ್ ಪರೇಡ್ ಶುರುವಾಯಿತು. ಬೀದಿದೀಪಗಳನ್ನು ಆರಿಸಿ, ಸಾವಿರಾರು ಸಣ್ಣ ಬಲ್ಬುಗಳಿಂದ ಮಾಡಿದ ತೇರುಗಳನ್ನು ಸಾಗಿಸುವುದು, ಹಿನ್ನೆಲೆಗೆ ಪೆರ್ರೀ ಮತ್ತು ಕಿಂಗ್ಸ್‌ಲಿ ಎಂಬ ಇಬ್ಬರು ಸಿಂಥಸೈಸರಿನಲ್ಲಿ ಮಾಡಿದ ಕುಣಿತದ ರಾಗ. ಒಂದು ತಲೆಮಾರು ಅದನ್ನು ನೋಡುತ್ತ ಬೆಳೆಯಿತು. 1996ರಲ್ಲಿ ಕಂಪನಿ ಅದಕ್ಕೆ ಶಾಶ್ವತ ವಿದಾಯ ಹೇಳಿತು. ಜನ ಮುಗಿಬಿದ್ದರು, ಕೊನೆಯ ದಿನಾಂಕ ಮುಂದಕ್ಕೆ ಹೋಯಿತು, ತೇರುಗಳ ಬಲ್ಬುಗಳು ನೆನಪಿನ ವಸ್ತುಗಳಾಗಿ ಮಾರಾಟವಾದವು. ಮರುವರ್ಷ ಅದರ ಜಾಗಕ್ಕೆ ಬಂದ ಲೈಟ್ ಮ್ಯಾಜಿಕ್ ಎಂಬ ಪ್ರದರ್ಶನವನ್ನು ಪಾಸ್‌ದಾರರು ಮೊದಲ ನೋಟದಲ್ಲೇ ತಿರಸ್ಕರಿಸಿದರು. ಅದು ಒಂದೇ ಬೇಸಿಗೆಗೆ ಮುಗಿಯಿತು.

ಆಮೇಲೆ ನಡೆದದ್ದು ಸ್ವಾರಸ್ಯಕರ. ಹಳೆಯ ಪಾರ್ಕಿಂಗ್ ಬಯಲಿನ ಮೇಲೆ ಕಂಪನಿ ಎರಡನೆಯ ಪಾರ್ಕು ಕಟ್ಟಿ 2001ರ ಫೆಬ್ರುವರಿಯಲ್ಲಿ ತೆರೆಯಿತು. ಹೆಸರು ಕ್ಯಾಲಿಫೋರ್ನಿಯಾ ಅಡ್ವೆಂಚರ್. ಕ್ಯಾಲಿಫೋರ್ನಿಯಾದ ಜನ ಕ್ಯಾಲಿಫೋರ್ನಿಯಾವನ್ನೇ ದುಡ್ಡು ಕೊಟ್ಟು ಯಾಕೆ ನೋಡಬೇಕು ಎಂದು ಅಭಿಮಾನಿಗಳು ಕೇಳುತ್ತಲೇ ಇದ್ದರು, ಮತ್ತು ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಐದೇ ತಿಂಗಳಲ್ಲಿ, ಅದೇ ಜುಲೈನಲ್ಲಿ, ಶಾಶ್ವತವಾಗಿ ಆರಿಹೋದ ಎಲೆಕ್ಟ್ರಿಕಲ್ ಪರೇಡ್ ಹೊಸ ಪಾರ್ಕಿನಲ್ಲಿ ಮತ್ತೆ ಬೆಳಗಿತು. ಒಂದು ಕಾಲಕ್ಕೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ನೆಲದ ಮೇಲೆ, ಗಿರಾಕಿಗಳನ್ನು ಕರೆತರುವ ಕೆಲಸಕ್ಕೆ, ಜನರ ನೆನಪನ್ನು ಹೂಡಿದರು. ಆ ಪಾರ್ಕು ಸರಿಹೋದದ್ದು ಮಾತ್ರ 2007ರಲ್ಲಿ ಘೋಷಿಸಿ 2012ರಲ್ಲಿ ಮುಗಿಸಿದ ನೂರು ಕೋಟಿ ಡಾಲರಿಗೂ ಮೀರಿದ ದುರಸ್ತಿಯಿಂದ. ಪರೇಡ್ 2017ರಲ್ಲಿ, 2019ರಲ್ಲಿ, 2022ರಲ್ಲಿ ಐವತ್ತು ತುಂಬಿದಾಗ, ಮತ್ತೆ ಮತ್ತೆ ಬಂದು ಹೋಯಿತು.

ಇದರಲ್ಲಿ ಎರಡು ಸಂಗತಿ ಕಾಣುತ್ತವೆ. ಅಭಿಮಾನಿಗಳ ಮಾತಿನಲ್ಲಿ ತಿಳಿವಳಿಕೆ ಇರುತ್ತದೆ ಎಂಬುದು ಒಂದು. ಲೈಟ್ ಮ್ಯಾಜಿಕ್ ವಿಷಯದಲ್ಲಿ, ಎರಡನೆಯ ಪಾರ್ಕಿನ ವಿಷಯದಲ್ಲಿ ಅವರು ಹೇಳಿದ್ದು ನಿಜವಾಯಿತು. ಪರೇಡು ಸಾಗುವಾಗ ಮುಖ್ಯಬೀದಿ ಮುಚ್ಚಿ ಪಾರ್ಕು ಎರಡು ಹೋಳಾಗುತ್ತದೆ, ಯಾವ ತಿರುವಿನಲ್ಲಿ ತಳ್ಳುಗಾಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ, ಎಷ್ಟು ಹೊತ್ತು ಮೊದಲೇ ಹೋಗಿ ರಸ್ತೆ ಬದಿಯ ಕಟ್ಟೆಯಲ್ಲಿ ಜಾಗ ಹಿಡಿಯಬೇಕು ಎಂಬುದೆಲ್ಲ ಅವರಿಗೆ ಕಾಲಿನಿಂದ ಕಲಿತ ವಿದ್ಯೆ. ಇನ್ನೊಂದು ಸಂಗತಿ ಇಷ್ಟು ಹಿತವಾದದ್ದಲ್ಲ. ಕಂಪನಿ ಇವರ ಕೊರಗನ್ನು ತುಂಬ ಗಮನವಿಟ್ಟು ಕೇಳುತ್ತದೆ, ಆ ಕೊರಗಿಗೆ ಬೆಲೆಚೀಟಿ ಅಂಟಿಸಲು ಬರುವ ಹಾಗಿದ್ದರೆ. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹ್ಯಾಲೋವೀನ್ ಪರೇಡು ಪ್ರತ್ಯೇಕ ಟಿಕೆಟ್ಟಿನ ರಾತ್ರಿಗಳಲ್ಲಿ ಮಾತ್ರ ಸಾಗುತ್ತದೆ. ಅಂಥ ದಿನ ಸಾಮಾನ್ಯ ಟಿಕೆಟ್ಟಿನವರು ಸಂಜೆಗೇ ಹೊರನಡೆಯಬೇಕು. ಸರದಿ ಉದ್ದವಾಯಿತು ಎಂಬ ದೂರಿಗೆ 1999ರಲ್ಲಿ ಬಂದ ಫಾಸ್ಟ್‌ಪಾಸ್ ಪುಕ್ಕಟೆಯಾಗಿತ್ತು, 2021ರಲ್ಲಿ ಅದರ ಜಾಗಕ್ಕೆ ಬಂದ ವ್ಯವಸ್ಥೆಗೆ ದುಡ್ಡು. ಟ್ರಾಮಿಗೆ ಬೇರೆ ಟಿಕೆಟ್ ಹಾಕಲು ಬರುವುದಿಲ್ಲ, ಅದು ಪಾರ್ಕಿಂಗ್ ಶುಲ್ಕದಲ್ಲೇ ಸೇರಿಹೋಗಿದೆ. ಅದು ಅಷ್ಟು ತಡವಾಗಿ ಮರಳಿತು ಎಂಬುದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಹಾಗಾಗಿ ಪರೇಡಿನ ಮೇಲಿನ ಪ್ರೀತಿಯನ್ನೇ ಹಕ್ಕುಪತ್ರ ಎಂದು ಹಿಡಿದುಕೊಂಡು ಹೋದರೆ ಅಭಿಮಾನಿ ಗೆದ್ದಂತೆ ಕಂಡರೂ ಗಿರಾಕಿಯಾಗಿಯೇ ಮರಳುತ್ತಾನೆ. ಅವನಿಗೆ ಬೇಕಾದದ್ದು ಸಿಗುತ್ತದೆ, ಬಿಲ್ಲಿನ ಜೊತೆಗೆ. ಅಲ್ಲದೆ ಪ್ರೀತಿ ಎಲ್ಲರದೂ ಒಂದೇ ತೂಕದ್ದು ಎಂದು ಹೇಳುವುದು ಹೇಗೆ? ವರ್ಷಕ್ಕೆ ನಲವತ್ತು ಸಲ ಬರುವ ಪಾಸ್‌ದಾರ ಮತ್ತು ಜೀವಮಾನದಲ್ಲಿ ಒಮ್ಮೆ ಬರುವವರು ಅದೇ ಕಟ್ಟೆಗೆ ಪೈಪೋಟಿ ಮಾಡುತ್ತಾರೆ. ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಆರೇಳು ತಾಸು ಕಾರು ಓಡಿಸಿ ಅನಾಹೈಮ್‌ಗೆ ಹೋಗುವುದುಂಟು. ಆ ಹಿರಿಯರಿಗೆ ರೋಲರ್ ಕೋಸ್ಟರ್ ಬೇಡ, ಕೂತು ನೋಡುವ ಪರೇಡೇ ದಿನದ ಸಾರ್ಥಕ್ಯ. ಅವರು ಬರುವ ಹೊತ್ತಿಗೆ ಕಟ್ಟೆ ತುಂಬಿರುತ್ತದೆ. ಕಂಪನಿಯ ಲೆಕ್ಕದ ಪುಸ್ತಕಕ್ಕೂ ಈ ಎರಡು ಬಗೆಯವರು ಬೇರೆ ಬೇರೆಯೇ. 2022ರ ಒಂದು ತ್ರೈಮಾಸಿಕ ವರದಿಯಲ್ಲಿ ಡಿಸ್ನಿಲ್ಯಾಂಡಿಗೆ ಬರುವವರ ಮಿಶ್ರಣ ಲಾಭಕ್ಕೆ ಅನುಕೂಲವಾಗಿಲ್ಲ ಎಂಬರ್ಥದ ಸಾಲು ಬಂದಾಗ ಪಾಸ್‌ದಾರರು ಅದು ತಮ್ಮನ್ನೇ ಕುರಿತದ್ದೆಂದು ಸಿಟ್ಟಾದರು. ಕೆಲವರು ಆ ಬೈಗುಳವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಪಾರ್ಕಿಗೇ ಹೋದರು. ಅಂದರೆ ಪ್ರತಿಭಟನೆಗೂ ಟಿಕೆಟ್ ಕೊಂಡರು!

ಗಟ್ಟಿಯಾದ ವಾದ ಪಾರ್ಕಿಂಗ್ ಕಟ್ಟಡದಲ್ಲಿದೆ ಎಂದೆ. ಹಳೆಯ ಬಯಲನ್ನು ಹೊಸ ಪಾರ್ಕಿಗೆ ಬಿಟ್ಟುಕೊಟ್ಟ ಮೇಲೆ ಕಾರುಗಳಿಗೆ ಜಾಗ ಬೇಕಾಯಿತು. 2000ದಲ್ಲಿ ಸುಮಾರು 10,000 ಕಾರು ಹಿಡಿಸುವ ಬಹುಮಹಡಿ ಕಟ್ಟಡ ಎದ್ದಿತು, ಮಿಕ್ಕಿ ಅಂಡ್ ಫ್ರೆಂಡ್ಸ್ ಎಂಬ ಮುದ್ದಾದ ಹೆಸರಿನಲ್ಲಿ. ಅದನ್ನು ಕಟ್ಟಿಸಿದ್ದು ಅನಾಹೈಮ್ ನಗರ. 1990ರ ದಶಕದ ಒಪ್ಪಂದದಂತೆ ನಗರ ಸುಮಾರು 51 ಕೋಟಿ ಡಾಲರಿನ ಬಾಂಡುಗಳ ಮೂಲಕ ಸಾಲ ಎತ್ತಿತು. ಸುತ್ತಲಿನ ರಸ್ತೆ ಮತ್ತಿತರ ಕಾಮಗಾರಿಗಳ ಜೊತೆ ಈ ಕಟ್ಟಡವೂ ಅದರಿಂದಲೇ ಆಯಿತು. ಡಿಸ್ನಿ ಕೊಡುವ ಬಾಡಿಗೆ ವರ್ಷಕ್ಕೆ ಒಂದು ಡಾಲರ್. ಪಾರ್ಕಿಂಗ್ ಶುಲ್ಕವೆಲ್ಲ ಕಂಪನಿಗೆ. ಸಾಲ ತೀರಿದ ಮೇಲೆ ಕಟ್ಟಡವೂ ಕಂಪನಿಗೇ. ನಗರದವರ ಸಮರ್ಥನೆಯನ್ನೂ ಹೇಳಬೇಕು: ಹೊಸ ಪಾರ್ಕು, ಹೊಸ ಹೋಟೆಲುಗಳಿಂದ ಹೆಚ್ಚುವರಿಯಾಗಿ ಬರುವ ತೆರಿಗೆಯಿಂದಲೇ ಸಾಲ ತೀರುತ್ತದೆ, ತೀರದಿದ್ದರೆ ಹೊಣೆ ಕಂಪನಿಯದು ಎಂಬುದು ಅದರ ತರ್ಕ. ಇರಬಹುದು. ಆದರೆ ಆ ತೆರಿಗೆ ಬೇರೆ ಯಾವ ಕೆಲಸಕ್ಕೆ ಹೋಗಬಹುದಿತ್ತು ಎಂದು ಕೇಳುವ ಹಕ್ಕು ಅಲ್ಲಿನ ನಿವಾಸಿಗಿದೆ. 2017ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಈ ಸಂಬಂಧವನ್ನು ವಿವರವಾಗಿ ಬರೆದಾಗ ಡಿಸ್ನಿ ಆ ಪತ್ರಿಕೆಯ ವಿಮರ್ಶಕರಿಗೆ ತನ್ನ ಸಿನಿಮಾಗಳ ಮುಂಗಡ ಪ್ರದರ್ಶನದ ಬಾಗಿಲು ಮುಚ್ಚಿತು. ಬೇರೆ ವಿಮರ್ಶಕರೂ ತಿರುಗಿಬಿದ್ದ ಮೇಲೆ ತೆರೆಯಿತು.

ಮುಂದಿನ ವರ್ಷ ಅನಾಹೈಮ್ ಮತದಾರರು ಒಂದು ಕಾಯಿದೆಗೆ ಒಪ್ಪಿಗೆ ಕೊಟ್ಟರು. ನಗರದಿಂದ ಸಹಾಯಧನ ಪಡೆಯುವ ಪ್ರವಾಸೋದ್ಯಮ ಸಂಸ್ಥೆಗಳು ನೌಕರರಿಗೆ ಹೆಚ್ಚಿನ ಕನಿಷ್ಠ ವೇತನ ಕೊಡಬೇಕು ಎಂಬುದು ಅದು. ನಮಗೆ ಸಹಾಯಧನವೇ ಇಲ್ಲ ಎಂದಿತು ಡಿಸ್ನಿ. ನೌಕರರು ನ್ಯಾಯಾಲಯಕ್ಕೆ ಹೋದರು, ಮೊದಲು ಸೋತರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಬಾಂಡು ಒಪ್ಪಂದವೇ ಸಹಾಯಧನ ಎಂದು ಹೇಳಿತು. 2024ರಲ್ಲಿ ಪ್ರಕರಣ 23 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. ಹಣ ಪಡೆಯುವವರು 50,000ಕ್ಕೂ ಹೆಚ್ಚು ಮಂದಿ. ಟಿಕೆಟ್ ಹರಿಯುವವರು, ಕಸ ಗುಡಿಸುವವರು, ಕಾರುಗಳಿಗೆ ದಾರಿ ತೋರಿಸುವವರು. ಅಷ್ಟು ವರ್ಷ ಅದೇ ಕಟ್ಟಡದ ಇಳಿಜಾರಿನಲ್ಲಿ ಸಾಲುಗಟ್ಟಿ ನಿಂತು ಶುಲ್ಕ ಏರಿತೆಂದು ಗೊಣಗಿದ ಅಭಿಮಾನಿಗಳಲ್ಲಿ ಕಟ್ಟಡ ಯಾರದು ಎಂದು ಕೇಳಿದವರು ಎಷ್ಟಿದ್ದಾರು?

ಇದೇ ಅವರ ದೊಡ್ಡ ದೌರ್ಬಲ್ಯ. ಪರೇಡಿನ ಒಂದು ತೇರು ಕಡಿಮೆಯಾದರೆ ಕಂಡುಹಿಡಿಯುವ ಕಣ್ಣಿಗೆ ತೇರಿನ ಮೇಲೆ ಬಿಸಿಲಿನಲ್ಲಿ ತುಪ್ಪಳದ ವೇಷ ತೊಟ್ಟು ಕುಣಿಯುವವರ ಸಂಬಳ ಕಾಣುವುದಿಲ್ಲ. ಆ ಕಲಾವಿದರು 2024ರಲ್ಲಿ ಮತ ಹಾಕಿ ಸಂಘ ಸೇರಿದರು. ಅದನ್ನು ಬೆಂಬಲಿಸಿದ ಅಭಿಮಾನಿಗಳೂ ಇದ್ದರು. ಸಂಬಳ ಏರಿದರೆ ಪಾಸಿನ ಬೆಲೆಯೂ ಏರುತ್ತದೆ ಎಂದು ಲೆಕ್ಕ ಹಾಕಿದವರೂ ಇದ್ದಿರಬೇಕು. ಗಿರಾಕಿಯ ಲೆಕ್ಕ ಸಾಮಾನ್ಯವಾಗಿ ಹೋಗುವುದು ಅತ್ತಲೇ.

ಮೈಸೂರು ದಸರೆಯ ಜಂಬೂಸವಾರಿಗೆ ಪಾಸ್ ಸಿಗಲಿಲ್ಲ, ಗೋಲ್ಡ್ ಕಾರ್ಡ್ ಕೊಂಡರೂ ಕುರ್ಚಿ ಸಿಗಲಿಲ್ಲ ಎಂಬ ಜಗಳ ನಮ್ಮ ಪತ್ರಿಕೆಗಳಲ್ಲಿ ವರ್ಷವೂ ಬರುತ್ತದೆ. ಅಲ್ಲಿ ಜಿಲ್ಲಾಧಿಕಾರಿಯನ್ನು, ಉಸ್ತುವಾರಿ ಸಚಿವರನ್ನು ಬೈಯಲು ಬರುತ್ತದೆ, ಏಕೆಂದರೆ ಹಬ್ಬ ಸರ್ಕಾರದ ಖರ್ಚಿನದು ಎಂದು ಎಲ್ಲರಿಗೂ ಗೊತ್ತು. ಅನಾಹೈಮ್‌ನಲ್ಲಿ ಸರ್ಕಾರದ ಪಾಲು ಕಾಂಕ್ರೀಟಿನೊಳಗೆ ಹುದುಗಿದೆ, ಮೇಲೆ ಮಿಕ್ಕಿಯ ಚಿತ್ರವಿದೆ. ಹಾಗಾಗಿ ಹಿಡಿಸದಿದ್ದರೆ ಹೋಗಬೇಡಿ ಎಂಬ ಉತ್ತರ ಅಲ್ಲಿ ಸುಲಭವಾಗಿ ಚಲಾವಣೆಯಾಗುತ್ತದೆ. ಪಾರ್ಕಿಗೆ ಹೋಗದವನ ಊರಿನ ತೆರಿಗೆಯೂ ಆ ಕಟ್ಟಡದಲ್ಲಿ ಇರುವಾಗ ಈ ಉತ್ತರಕ್ಕೆ ಅರ್ಥವಿಲ್ಲ.

ಪ್ರತಿಯಾಗಿ ಕೇಳಬಹುದು: ಅಭಿಮಾನಿಗಳಲ್ಲಿ ಹೆಚ್ಚಿನವರು ಅನಾಹೈಮ್‌ನವರೇ ಅಲ್ಲ, ಅಲ್ಲಿ ಅವರಿಗೆ ಮತವಿಲ್ಲ, ಈ ಹಕ್ಕು ಅವರದು ಹೇಗಾಗುತ್ತದೆ? ನಿಜ, ಮತ ನಿವಾಸಿಗಳದು. ಆದರೆ ಜನ ಬಂದು ತೆರುವ ಹೋಟೆಲ್ ತೆರಿಗೆ, ಮಾರಾಟ ತೆರಿಗೆ ನಂಬಿಯೇ ನಗರ ಆ ಸಾಲ ಎತ್ತಿತು. ಹೊರಗಿನಿಂದ ಬರುವವನು ಆ ಲೆಕ್ಕದೊಳಗಿನ ಒಬ್ಬ ಪಾಲುದಾರ, ಅವನಿಗೆ ಗೊತ್ತಿಲ್ಲದಿದ್ದರೂ.

ಕೇಳುವ ಹಕ್ಕನ್ನು ಬಳಸಿಕೊಂಡವರೂ ಇದ್ದಾರೆ. ಪಾರ್ಕಿನ ಪಕ್ಕದ ಹಾರ್ಬರ್ ಬುಲೆವಾರ್ಡಿನ ಪೂರ್ವಕ್ಕೆ ಇನ್ನೊಂದು ಪಾರ್ಕಿಂಗ್ ಕಟ್ಟಡ, ರಸ್ತೆಯ ಮೇಲೊಂದು ಕಾಲುಸೇತುವೆ ಎಂಬ ಯೋಜನೆಯನ್ನು ಡಿಸ್ನಿ ಒಮ್ಮೆ ಕೈಬಿಟ್ಟಿತು. ಸೇತುವೆ ಹತ್ತಿದ ಜನ ತಮ್ಮ ಬಾಗಿಲ ಮುಂದೆ ಹಾಯುವುದೇ ಇಲ್ಲ ಎಂದು ಮೋಟೆಲು, ಅಂಗಡಿಗಳವರು ಅಡ್ಡ ನಿಂತಿದ್ದರು. ಪಾಸಿಲ್ಲದ, ವೇಷವಿಲ್ಲದ ಆ ಕೆಲವು ಅಂಗಡಿಯವರಿಗೆ ದಕ್ಕಿದಷ್ಟು ಹಿಡಿತ ಲಕ್ಷಾಂತರ ಅಭಿಮಾನಿಗಳಿಗೆ ದಕ್ಕಲಿಲ್ಲ. ಆ ಅಂಗಡಿಯವರು ನಗರಸಭೆಯ ಮುಂದೆ ಹೋಗಿ ಮಾತನಾಡಿದ್ದರು. 2024ರ ಏಪ್ರಿಲ್‌ನಲ್ಲಿ ಮುಂದಿನ ದಶಕಗಳ ವಿಸ್ತರಣೆಯ ಯೋಜನೆ ಅದೇ ನಗರಸಭೆಗೆ ಬಂತು, ಹತ್ತು ವರ್ಷದಲ್ಲಿ ಕನಿಷ್ಠ 190 ಕೋಟಿ ಡಾಲರ್ ಹೂಡುವ ಮಾತಿನೊಂದಿಗೆ. ಒಂದು ಸಾರ್ವಜನಿಕ ರಸ್ತೆಯನ್ನು ಕಂಪನಿಗೆ ಮಾರುವುದೂ ಅದರಲ್ಲಿತ್ತು. ನೆರೆಯ ನಿವಾಸಿಗಳು ಆ ರಸ್ತೆಯ ಬಗ್ಗೆ, ಸದ್ದಿನ ಬಗ್ಗೆ, ವಾಹನ ದಟ್ಟಣೆಯ ಬಗ್ಗೆ ಆಕ್ಷೇಪ ಎತ್ತಿದರು. ವಿಚಾರಣೆ ತಡರಾತ್ರಿಯವರೆಗೆ ಎಳೆದು ಏಳಕ್ಕೆ ಏಳೂ ಮತ ಯೋಜನೆಯ ಪರ ಬಿದ್ದವು. ಆ ದಿನಗಳಲ್ಲಿ ಅಭಿಮಾನಿಗಳು ಬಿರುಸಿನಿಂದ ಚರ್ಚಿಸುತ್ತಿದ್ದದ್ದು ಹೊಸ ಜಾಗದಲ್ಲಿ ಯಾವ ಸಿನಿಮಾದ ಆಟ ಬರಬೇಕು ಎಂಬುದನ್ನು.