ಬೀಗವೂ ಬೀಗದ ಕೈಯೂ

ಬೀದರ ಪಟ್ಟಣದಲ್ಲಿ 2025ರ ಜನವರಿ 16ರಂದು ಹಾಡಹಗಲಿನಲ್ಲಿ ದರೋಡೆಕೋರರಿಬ್ಬರು ಗುಂಡು ಹಾರಿಸಿ, ಎಟಿಎಂ ಯಂತ್ರಕ್ಕೆ ತುಂಬಲೆಂದು ತಂದಿದ್ದ ಹಣದ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದುದು ವಾಚಕರಿಗೆ ನೆನಪಿರಬಹುದು. ಹಣ ತಂದ ಸಿಬ್ಬಂದಿಯೊಬ್ಬರು ಪ್ರಾಣವನ್ನೇ ತೆತ್ತರು. ನಾಡೆಲ್ಲ ಬಹುಕಾಲ ಅದನ್ನೇ ಮಾತನಾಡಿತು. ಆದರೆ ಗುಂಡಿನ ಸದ್ದಾಗಲಿ, ಬೈಕಿನ ಧೂಳಾಗಲಿ ಇಲ್ಲದೆ ಮನೆಮನೆಯೊಳಗೆ ನಡೆಯುತ್ತಿರುವ ಇನ್ನೊಂದು ದರೋಡೆಯ ವಿಷಯದಲ್ಲಿ ನಾವು ಅಷ್ಟೊಂದು ಮಾತನಾಡುವುದಿಲ್ಲ. ಕೇಂದ್ರ ಸರಕಾರವು ಲೋಕಸಭೆಗೆ ಒಪ್ಪಿಸಿದ ಲೆಕ್ಕದಂತೆ ಸೈಬರ್ ವಂಚಕರಿಂದ ದೇಶದ ಜನರು ಕಳೆದುಕೊಂಡ ಹಣ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಸುಮಾರು 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು!

ಹುಮನಾಬಾದ ತಾಲೂಕಿನ ಹುಡಗಿಗೆ ನಾವು ಹೋಗಿದ್ದಾಗ ಪರಿಚಯದ ಹಿರಿಯ ರೈತರೊಬ್ಬರು ತಮ್ಮ ಫೋನನ್ನು ನಮ್ಮ ಕೈಗೆ ಕೊಟ್ಟು, “ಸರ, ಇದ್ರಾಗ ಏನ್ ಬರ್ದಾರ ನೋಡ್ರಿ” ಎಂದರು. ಬ್ಯಾಂಕಿನಿಂದ ಬಂದ ಸಂದೇಶವದು. ಆರು ಅಂಕಿಗಳ ಒಂದು ಸಂಖ್ಯೆ. ಅದರ ಕೆಳಗೆ, ಈ ಸಂಖ್ಯೆಯನ್ನು ಯಾರಿಗೂ ತಿಳಿಸಕೂಡದೆಂಬ ಎಚ್ಚರಿಕೆ. ಎಲ್ಲವೂ ಇಂಗ್ಲಿಷಿನಲ್ಲಿ! ಯಾರಿಗೂ ತೋರಿಸಬಾರದೆಂಬ ಮಾತನ್ನು ತಿಳಿಯುವುದಕ್ಕಾಗಿಯೇ ಆ ಹಿರಿಯರು ಅದನ್ನು ನಮಗೆ ತೋರಿಸಬೇಕಾಯಿತು. ನಾವು ಓದಿ ಹೇಳಿದೆವು, ಅವರು ನಕ್ಕರು. ನಮಗೇಕೋ ನಗೆ ಬರಲಿಲ್ಲ.

ಈ ಆರು ಅಂಕಿಗಳ ಬೀಗವೇನೂ ದುರ್ಬಲವಾದುದಲ್ಲ. ಸೊನ್ನೆಗಳಿಂದ ಮೊದಲುಮಾಡಿ 999999ರ ವರೆಗೆ ಹತ್ತು ಲಕ್ಷ ಸಂಖ್ಯೆಗಳು ಸಾಧ್ಯ. ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುವುದೆಂದು ಇಟ್ಟುಕೊಂಡರೆ, ಊಹೆಯಿಂದ ಒಳನುಗ್ಗುವ ಸಂಭವ ಸುಮಾರು ಮೂರು ಲಕ್ಷ ಮೂವತ್ತಮೂರು ಸಾವಿರಕ್ಕೆ ಒಂದು. ಮೇಲಾಗಿ ಕೆಲವೇ ನಿಮಿಷಗಳಲ್ಲಿ ಆ ಸಂಖ್ಯೆ ಸತ್ತುಹೋಗುತ್ತದೆ. ಇಂತಹ ಬೀಗವನ್ನು ಗಣಿತದಿಂದ ಮುರಿಯಲು ಕಳ್ಳನು ಯತ್ನಿಸುವುದೇ ಇಲ್ಲ; ಬೀಗದ ಕೈಯನ್ನು ಒಡೆಯನಿಂದಲೇ ಕೇಳಿ ಪಡೆಯುತ್ತಾನೆ. ‘ನಿಮ್ಮ ಖಾತೆ ಇಂದು ಸಂಜೆ ಬಂದ್ ಆಗುತ್ತದೆ’ ಎನ್ನುವನು. ‘ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಒತ್ತಿರಿ’ ಎನ್ನುವನು. ಯುಪಿಐ ಪದ್ಧತಿಯಲ್ಲಿ ಹಣ ಕಳುಹಿಸುವವನು ಮಾತ್ರ ಪಿನ್ ಒತ್ತಬೇಕೇ ಹೊರತು ಪಡೆಯುವವನಲ್ಲವೆಂಬ ಒಂದು ಸಂಗತಿ ತಿಳಿದಿದ್ದರೆ ಎರಡನೆಯ ಮಾತು ಅಲ್ಲಿಯೇ ಬಿದ್ದುಹೋಗುತ್ತದೆ.

ಕಲಿತವರು ಮೋಸಹೋಗುವುದಿಲ್ಲವೆಂದು ತಿಳಿದಿರುವವರೂ ಉಂಟು. ಪೊಲೀಸರ ವೇಷ ತೊಟ್ಟು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ‘ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇರಿಸಿದ್ದೇವೆ’ ಎಂದು ಹೆದರಿಸುವವರ ಬಲೆಗೆ ಬಿದ್ದವರಲ್ಲಿ ಪದವೀಧರರಿಗೇನೂ ಕೊರತೆಯಿಲ್ಲ. ಅಂತಹ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಧಾನಿಗಳು ಇಂಥದೊಂದು ಕರೆಯನ್ನು ಕೇಳಿಸಿದರಷ್ಟೆ. ಅದನ್ನು ಧೃತಿಗೆಡದೆ ದಾಖಲಿಸಿಕೊಂಡವರು ನಮ್ಮ ವಿಜಯಪುರದವರು. ಹೆದರಿಕೆ ಮತ್ತು ಅವಸರ ಇವೆರಡನ್ನು ತೆಗೆದುಬಿಟ್ಟರೆ ವಂಚಕನ ಕೈಯಲ್ಲಿ ಬೇರಾವ ಆಯುಧವೂ ಉಳಿಯುವುದಿಲ್ಲ.

ಆದರೆ ‘ಹೇಳಬೇಡಿ, ಕೊಡಬೇಡಿ’ ಎಂದು ಜನರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ನಮಗೆ ಸರಿಯೆಂದು ತೋರುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಏನಾಯಿತು? ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಗುರುತು ಮತ್ತು ಆಧಾರ್ ಸಂಖ್ಯೆಗಳನ್ನು ಎತ್ತಿಕೊಂಡು, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಿಂದ ಖಾತೆಗಳನ್ನು ಬರಿದುಮಾಡಿದ ಪ್ರಕರಣಗಳು ಬೆಂಗಳೂರು, ಮಂಗಳೂರುಗಳಲ್ಲಿ ಹೊರಬಿದ್ದವು. ಅಲ್ಲಿ ಖಾತೆದಾರನು ಯಾರಿಗೆ ಏನು ಹೇಳಿದ್ದನು? ಸರಕಾರಿ ಕಚೇರಿಯಲ್ಲಿ ಕೇಳಿದ ಕಡೆ ಹೆಬ್ಬೆರಳೊತ್ತಿದ್ದನು, ಅಷ್ಟೇ. ಪಿನ್ನನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಬರುವುದೆ? ಬೆರಳಗುರುತಿಗೂ ಬೀಗ ಹಾಕುವ ಅನುಕೂಲವನ್ನು ಆಧಾರ್ ಪ್ರಾಧಿಕಾರವು ತನ್ನ ಜಾಲತಾಣದಲ್ಲಿಯೂ ಎಂ-ಆಧಾರ್ ಆಪ್‌ನಲ್ಲಿಯೂ ಒದಗಿಸಿದೆ. ಹುಡಗಿಯಲ್ಲಿ ನಾವು ವಿಚಾರಿಸಿದವರಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿರಲಿಲ್ಲ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಈ ಹೊಣೆಯನ್ನು ಹಂಚಿಕೊಟ್ಟಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ನಡುವೆಲ್ಲೋ ನಡೆದಿದ್ದು, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ. ಗುಪ್ತಸಂಖ್ಯೆಯನ್ನು ಅವನೇ ಹೇಳಿದ್ದರೆ ಅದು ಅವನ ಅಲಕ್ಷ್ಯ. ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ. ಓದಬಲ್ಲವನ ಮಟ್ಟಿಗೆ ಇದು ನ್ಯಾಯವಾಗಿ ಕಾಣಬಹುದು. ಎಚ್ಚರಿಕೆಯನ್ನೇ ಓದಲಾರದ ಭಾಷೆಯಲ್ಲಿ ಪಡೆದವನ ಅಲಕ್ಷ್ಯವನ್ನು ಅಲಕ್ಷ್ಯವೆನ್ನಬಹುದೆ? ಬ್ಯಾಂಕಿನವರು ತಾವು ತಲುಪಿಸದ ಎಚ್ಚರಿಕೆಯ ಬಲದಿಂದ ಗ್ರಾಹಕನನ್ನು ದೂರುವುದು ನಮಗೆ ಒಪ್ಪಿಗೆಯಿಲ್ಲ. ನಮ್ಮ ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದುಗಳೂ ಮನೆಮಾತುಗಳು. ಖಾತೆ ತೆರೆಯುವಾಗ ‘ಯಾವ ಭಾಷೆಯಲ್ಲಿ ಸಂದೇಶ ಬೇಕು?’ ಎಂದು ಒಂದು ಪ್ರಶ್ನೆ ಕೇಳಿ ಅದರಂತೆ ಕಳುಹಿಸುವುದು ಇಂದಿನ ಯಂತ್ರಗಳಿಗೆ ಅಸಾಧ್ಯವಾದ ಕೆಲಸವೇನಲ್ಲ. ಭಂಡಾರ ಕಾಯುವ ಹೊಣೆ ಎಂಥದೆಂಬುದು ಕಲ್ಯಾಣದ ನೆರೆಯವರಿಗೆ ಹೊಸ ಪಾಠವೂ ಅಲ್ಲ; ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರಲ್ಲವೆ?

ಹಣ ಹೋದ ಮೇಲೆ ಜನರು ಮಾಡುವ ತಪ್ಪು ಇನ್ನೂ ದೊಡ್ಡದು: ನಾಚಿಕೆಯಿಂದ ಸುಮ್ಮನಾಗುವರು. ಮಗನಿಗೆ ತಿಳಿದರೆ ಬೈಯುವನು, ಊರವರು ನಗುವರು ಎಂದು ನಾಲ್ಕು ದಿನ ಮುಚ್ಚಿಡುವರು. ನೀರಿಗೆ ಬಿದ್ದ ಮಸಿಯ ಹನಿಯನ್ನು ಮೊದಲ ಗಳಿಗೆಯಲ್ಲಿ ಚಮಚದಿಂದ ಎತ್ತಬಹುದು. ಒಮ್ಮೆ ಹರಡಿತೆಂದರೆ ಯಾವ ಶಕ್ತಿಯೂ ಅದನ್ನು ಕೂಡಿಸಲಾರದು. ಕದ್ದ ಹಣವೂ ಹಾಗೆಯೇ ಒಂದು ಖಾತೆಯಿಂದ ಹತ್ತು ಖಾತೆಗಳಿಗೆ ಹರಿದುಹೋಗುತ್ತದೆ. ಆದುದರಿಂದ ಬೀದರಿನ ಬಸ್ಸಿಗೆ ಕಾಯುವ ಮೊದಲೇ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ಅಲ್ಲಿ ದೂರು ದಾಖಲಾದೊಡನೆ ಅದು ಸಂಬಂಧಪಟ್ಟ ಬ್ಯಾಂಕುಗಳಿಗೆ ತಲುಪಿ, ಇನ್ನೂ ಮುಂದೆ ಹರಿಯದೆ ಉಳಿದಿರುವ ಹಣವನ್ನು ತಡೆಹಿಡಿಯಲು ಅವಕಾಶವಾಗುತ್ತದೆ. ತಮ್ಮ ಬ್ಯಾಂಕಿಗೂ ಆಗಲೇ ತಿಳಿಸಿಬಿಡಬೇಕು. ತಿಳಿಸಿದ ಬಳಿಕ ಆಗುವ ನಷ್ಟ ಬ್ಯಾಂಕಿನದೆಂದು ಮೇಲೆ ಹೇಳಿದ ಸುತ್ತೋಲೆಯೇ ನುಡಿದಿದೆ.

ಹುಡಗಿಯ ಆ ಹಿರಿಯರ ಫೋನಿನ ಹಿಂಬದಿಗೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಕನ್ನಡದ ಅಂಕಿಗಳಲ್ಲಿ ‘೧೯೩೦’ ಎಂದು ಬರೆದುಕೊಟ್ಟು ಬಂದೆವು. ಅದರ ಪಕ್ಕದಲ್ಲಿಯೇ ಹಳೆಯ ಚೀಟಿಯೊಂದಿತ್ತು. ಅದರಲ್ಲಿ ನಾಲ್ಕು ಅಂಕಿಗಳು. ಅವರ ಪಿನ್ ಸಂಖ್ಯೆ! ಅದನ್ನು ಕಿತ್ತುಹಾಕಲು ಒಪ್ಪಿಸುವಷ್ಟರಲ್ಲಿ ಎರಡು ಕಪ್ಪು ಚಹ ಮುಗಿದಿತ್ತು.